ಐದು ಅಂಕದ ಅಕ್ಷರಗಳು

ಲಾಂಗ್ ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಮಡಚಿ ಬಿಡಿಸಿದರೆ ನಡುವೆ ಒಂದು ಗೆರೆ ಬೀಳುತ್ತದೆ. ಗೆರೆಯ ಎಡಕ್ಕೆ ಶಾರ್ಟ್ ಫಾರಂ, ಬಲಕ್ಕೆ ಫುಲ್ ಫಾರಂ. ಬಲಭಾಗವನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಎಡಭಾಗ ನೋಡಿ, ಬಾಯಿಬಿಟ್ಟು ಹೇಳಬೇಕು. ಹೇಳಿ ಮುಗಿದ ಮೇಲೆ ಕೈಯನ್ನು ಒಂದು ಸಾಲು ಕೆಳಗೆ ಸರಿಸಿ ಸರಿಯೋ ತಪ್ಪೋ ನೋಡಿಕೊಳ್ಳಬೇಕು. 1989ರ ಫೆಬ್ರವರಿ, ಮಾರ್ಚ್ ತಿಂಗಳ ಸಂಜೆಗಳನ್ನು ನಾನು ಕಳೆದದ್ದು ಹೀಗೆ. ತಿಪಟೂರು ತಾಲ್ಲೂಕಿನ ಒಂದು ಹಳ್ಳಿ, ಪಡಸಾಲೆಯಲ್ಲಿ ಒಂದೇ ಒಂದು ಬಲ್ಬು, ಅದರ ಕೆಳಗೆ ಗೋಣಿತಾಟು ಹಾಸಿಕೊಂಡು ನಾನು. ಒಳಗೆ ಅಮ್ಮ ಮುದ್ದೆ ತಿರುವುತ್ತಿದ್ದರೆ, ಗೋಡೆಗೊರಗಿ ಕೂತ ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದಳು. 'ಅದೇನ್ ಮಗಾ, ಮಂತ್ರ ಹೇಳ್ದಂಗೆ ಹೇಳ್ತೀಯ' ಅನ್ನುವಳು.

ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಹತ್ತು ಶಾರ್ಟ್ ಫಾರಂ ಕೊಟ್ಟು ಅವುಗಳ ಪೂರ್ಣರೂಪ ಬರೆಯಿರಿ ಎಂದು ಕೇಳುತ್ತಿದ್ದರು. ಒಂದೊಂದಕ್ಕೆ ಅರ್ಧ ಅಂಕ, ಒಟ್ಟು ಐದು. ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದವರು ನಮ್ಮ ಮೇಷ್ಟ್ರೇ. ಸೈಕ್ಲೋಸ್ಟೈಲ್ ಮಾಡಿದ ಹಾಳೆ, ಮೂಗಿಗೆ ಹಿಡಿದರೆ ಶಾಯಿಯ ವಾಸನೆ. ಕನ್ನಡ ಮಾಧ್ಯಮದ ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ, ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಲಿತವರಿಗೆ, ಆ ಐದು ಅಂಕ ಎಷ್ಟು ದೊಡ್ಡದೆಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು. ಪ್ರಬಂಧ ನಮ್ಮ ಕೈಗೆ ಬಗ್ಗುತ್ತಿರಲಿಲ್ಲ. ಪತ್ರ ಬರೆದರೆ ಸ್ಪೆಲಿಂಗ್ ಕಾಟ. ಪದ್ಯದ ಸಾರಾಂಶವನ್ನು ಗೈಡಿನಿಂದ ಉರು ಹೊಡೆದರೂ ನಡುವೆ ಒಂದು ಸಾಲು ಮರೆತರೆ ಮುಂದಿನದೆಲ್ಲ ಮರೆತಂತೆಯೇ. ಫುಲ್ ಫಾರಂ ಮಾತ್ರ ಕಲಿತರೆ ಕಲಿತದ್ದು. ಮೂವತ್ತೈದು ಮುಟ್ಟಬೇಕಾದವರಿಗೆ ಅದೊಂದು ಊರುಗೋಲು.

ಗೈಡಿನ ಕೊನೆಯ ಎರಡು ಪುಟಗಳಲ್ಲಿ ಸುಮಾರು ನಲವತ್ತು ಶಾರ್ಟ್ ಫಾರಂ ಇದ್ದವು. ಯುಎನ್‌ಓ, ಡಬ್ಲ್ಯುಎಚ್‌ಓ, ಬಿಬಿಸಿ, ಇಸ್ರೋ, ನಾಸಾ. ಸಾರ್ಕ್ ಬಂದೇ ಬರುತ್ತದೆ ಎಂದು ನಮ್ಮ ಸೀನಿಯರುಗಳು ಹೇಳಿದ್ದರು. 1986ರ ನವೆಂಬರಿನಲ್ಲಿ ಅದರ ಶೃಂಗಸಭೆ ಬೆಂಗಳೂರಿನಲ್ಲೇ ನಡೆದಿತ್ತಲ್ಲ, ರೇಡಿಯೋದಲ್ಲಿ ದಿನವೂ ಅದೇ ಸುದ್ದಿ. ಸೌತ್ ಏಷ್ಯನ್ ಅಸೋಸಿಯೇಷನ್ ಫಾರ್ ರೀಜನಲ್ ಕೋಆಪರೇಷನ್ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲವರನ್ನು ನಾವು ಜಾಣರ ಸಾಲಿಗೆ ಸೇರಿಸುತ್ತಿದ್ದೆವು. ನನಗೆ ತೀರಾ ಕಷ್ಟವಾದದ್ದು ಯುಎಸ್‌ಎಸ್‌ಆರ್. ಯೂನಿಯನ್ ಆಫ್ ಸೋವಿಯತ್ ಸೋಷಲಿಸ್ಟ್ ರಿಪಬ್ಲಿಕ್ಸ್. ಎರಡು ಎಸ್‌ಗಳಲ್ಲಿ ಯಾವುದು ಮೊದಲು ಎಂದು ನೆನಪಿಡಲು ಒಂದು ವಾರ ಹಿಡಿಯಿತು. 1991ರ ಡಿಸೆಂಬರಿನಲ್ಲಿ ಆ ದೇಶವೇ ಒಡೆದುಹೋಯಿತೆಂಬ ಸುದ್ದಿ ಬಂದಾಗ ನಾನು ಎರಡನೇ ಪಿಯುಸಿಯಲ್ಲಿದ್ದೆ. ನನಗೆ ಮೊದಲು ನೆನಪಾದದ್ದು ಗೋಣಿತಾಟು ಮತ್ತು ಆ ಎರಡು ಎಸ್‌ಗಳು.

ಇಷ್ಟೇ ಆಗಿದ್ದರೆ ಈ ಪ್ರಶ್ನೆಯ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇರುತ್ತಿರಲಿಲ್ಲ. ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಸಂಜೆಗೇ ಹಾರಿಹೋಗುತ್ತಿತ್ತು. ನಮ್ಮ ಮೇಷ್ಟ್ರು ಒಂದು ದಿನ ಗೈಡುಗಳನ್ನೆಲ್ಲ ಚೀಲದೊಳಗೆ ಇಡಿಸಿದರು. 'ಇದನ್ನ ಆಮೇಲೆ ಓದ್ಕೊಳ್ಳಿ. ಇವತ್ತು ಮನೆಗೆ ಹೋಗಿ, ಮನೇಲಿ, ಬೀದೀಲಿ, ತೋಟದಲ್ಲಿ ಎಲ್ಲೆಲ್ಲಿ ಇಂಗ್ಲಿಷಿನ ಶಾರ್ಟ್ ಫಾರಂ ಕಾಣುತ್ತೋ ಬರ್ಕೊಂಡು ಬನ್ನಿ. ತಲೆಗೆ ಹತ್ತು. ಪರೀಕ್ಷೆಗೆ ಅದ್ರಲ್ಲೇ ಐದು ಕೊಡ್ತೀನಿ' ಅಂದರು.

ನಮ್ಮೂರಲ್ಲಿ ಇಂಗ್ಲಿಷ್ ಎಲ್ಲಿದೆ ಎಂದುಕೊಂಡು ಮನೆ ಕಡೆ ಹೊರಟೆ. ರಸ್ತೆಗೆ ಬಂದರೆ ಎದುರಿಗೇ ಬಸ್ಸು, ಮೈಮೇಲೆ ಕೆಎಸ್‌ಆರ್‌ಟಿಸಿ. ಊರ ಬಾಗಿಲಲ್ಲಿ ಪಿಡಬ್ಲ್ಯುಡಿಯವರ ಜಲ್ಲಿರಾಶಿ. ಕರೆಂಟ್ ಕಂಬಕ್ಕೆ ಹೊಡೆದ ತಗಡಿನಲ್ಲಿ ಕೆಇಬಿ. ಪಂಪ್‌ಹೌಸಿನ ಮೋಟರಿನ ಮೇಲೆ 3 ಎಚ್‌ಪಿ. ಅಪ್ಪನ ಕೈಯಲ್ಲಿ ಎಚ್‌ಎಂಟಿ ವಾಚು, ಗೂಡಿನಲ್ಲಿ ಎಲ್‌ಐಸಿ ರಸೀತಿ. ಕೊಬ್ಬರಿ ಹರಾಜಿಗೆ ಅಪ್ಪ ಹೋಗುತ್ತಿದ್ದದ್ದು ತಿಪಟೂರಿನ ಎಪಿಎಂಸಿಗೆ, ಸಾಲದ ಕಂತು ಕಟ್ಟುತ್ತಿದ್ದದ್ದು ಪಿಎಲ್‌ಡಿ ಬ್ಯಾಂಕಿಗೆ. ತಮ್ಮನಿಗೆ ಚುಚ್ಚುಮದ್ದು ಹಾಕಿಸಿದ ಕಾರ್ಡಿನಲ್ಲಿ ಬಿಸಿಜಿ, ಡಿಪಿಟಿ. ಆಸ್ಪತ್ರೆಯ ಜೀಪಿನ ಬಾಗಿಲ ಮೇಲೆ ಯುನಿಸೆಫ್. ಹತ್ತು ತರಲು ಹೇಳಿದ್ದರು. ಕತ್ತಲಾಗುವ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಇಪ್ಪತ್ತಮೂರು ಇದ್ದವು. ಹುಟ್ಟಿದಾರಭ್ಯ ನೋಡುತ್ತಿದ್ದ ಊರೇ ಅದು, ಆದರೂ ಅವತ್ತು ಸಂಜೆ ಯಾರೋ ಹೊಸದಾಗಿ ತಂದು ನಿಲ್ಲಿಸಿದಂತೆ ಕಂಡಿತು.

ಮರುದಿನ ಕ್ಲಾಸಿನಲ್ಲಿ ಬೋರ್ಡು ತುಂಬಿತು. ಅದರಲ್ಲಿ ಟಿಸಿ ಎಂಬ ಎರಡಕ್ಷರದ ಮೇಲೆ ನಡೆದ ಚರ್ಚೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಬ್ಬ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಅಂದ. ಅರಸೀಕೆರೆ ಜಂಕ್ಷನ್ ಕಡೆಯಿಂದ ಬರುತ್ತಿದ್ದ ಹುಡುಗಿ ಟಿಕೆಟ್ ಕಲೆಕ್ಟರ್ ಅಂದಳು. ಹಿಂದಿನ ಬೆಂಚಿನಿಂದ ಲೈನ್‌ಮನ್ ಮಗ ಎದ್ದು ನಿಂತು, 'ಅಲ್ಲ ಸಾ, ಟಿಸಿ ಅಂದ್ರೆ ಕರೆಂಟಿಂದು. ಟಿಸಿ ಸುಟ್ಟೋದ್ರೆ ಊರಿಗೆಲ್ಲ ಕತ್ತಲೆ' ಅಂದ. ಅವನು ಅಲ್ಲಿಯವರೆಗೆ ಇಂಗ್ಲಿಷ್ ಕ್ಲಾಸಿನಲ್ಲಿ ಬಾಯಿ ಬಿಟ್ಟವನಲ್ಲ. ಮೇಷ್ಟ್ರು ಮೂರನ್ನೂ ಬರೆದರು. ಟ್ರಾನ್ಸ್‌ಫಾರ್ಮರ್ ಸೆಂಟರ್ ಎಂಬುದು ಮೂರನೆಯದು. 'ಮೂರೂ ಸರಿ. ಅಕ್ಷರ ಎಲ್ಲಿ ನಿಂತಿದೆ ಅಂತ ನೋಡಿ ಅರ್ಥ ಹೇಳ್ಬೇಕು' ಅಂದರು. ಅವನ ಮುಖ ಅರಳಿದ್ದು ನನಗೆ ನೆನಪಿದೆ. ಅವತ್ತಿನಿಂದ ಅವನು ಎರಡನೇ ಬೆಂಚಿಗೆ ಬಂದು ಕೂತ.

ಕರೆಂಟ್ ಬಿಲ್ಲಿನ ಆರ್.ಆರ್. ನಂಬರಿಗೆ ಮಾತ್ರ ಯಾರಲ್ಲೂ ಉತ್ತರ ಇರಲಿಲ್ಲ. ಲೈನ್‌ಮನ್ ಮಗನಿಗೂ ಇಲ್ಲ, ಮೇಷ್ಟ್ರಿಗೂ ಇಲ್ಲ. ಮೇಷ್ಟ್ರು ಅದನ್ನು ಬೋರ್ಡಿನ ಮೂಲೆಯಲ್ಲಿ ಚೌಕ ಹಾಕಿ ಬರೆದಿಟ್ಟರು, ಅಳಿಸಬಾರದೆಂದು ಹೇಳಿದರು. ನಾಲ್ಕು ದಿನ ಅದು ಅಲ್ಲೇ ಇತ್ತು. ಐದನೇ ದಿನ ಕೆಇಬಿ ಸೆಕ್ಷನ್ ಆಫೀಸಿಗೆ ತಾವೇ ಹೋಗಿ ಕೇಳಿಕೊಂಡು ಬಂದು ಪಕ್ಕದಲ್ಲಿ ಬರೆದರು: ರೆವಿನ್ಯೂ ರಿಜಿಸ್ಟರ್. ತಮಗೆ ಗೊತ್ತಿಲ್ಲದ್ದನ್ನು ಮಕ್ಕಳ ಎದುರಿಗೆ ನಾಲ್ಕು ದಿನ ಇಟ್ಟುಕೊಂಡು ಓಡಾಡಿದ ಬೇರೆ ಮೇಷ್ಟ್ರನ್ನು ನಾನು ಕಂಡಿಲ್ಲ. ಅವರು ಕಲಿಸಿದ ಗ್ರಾಮರ್ ಎಷ್ಟು ಉಳಿದಿದೆಯೋ ಕಾಣೆ, ಆ ಚೌಕ ಉಳಿದಿದೆ.

ನನ್ನ ಪಟ್ಟಿಯ ಇಪ್ಪತ್ತಮೂರನೆಯದು ಆರ್‌ಟಿಸಿ. ಅದು ಸಿಕ್ಕಿದ್ದು ಅಜ್ಜಿಯ ಟ್ರಂಕಿನಲ್ಲಿ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಕಾಗದಗಳು: ಕಂದಾಯದ ರಸೀತಿ, ಟ್ರಿಬ್ಯೂನಲ್ ಆರ್ಡರು, ಗ್ರಾಮ ಲೆಕ್ಕಿಗರ ಕೈಬರಹದ ಒಂದು ದೊಡ್ಡ ಹಾಳೆ. ಮಡಿಕೆಯ ಹೊರಭಾಗದಲ್ಲಿ ಯಾರೋ ನೀಲಿ ಶಾಯಿಯಲ್ಲಿ ಮೂರು ಇಂಗ್ಲಿಷ್ ಅಕ್ಷರ ಬರೆದಿದ್ದರು. ಅಜ್ಜಿ ಅದನ್ನು 'ಪಾಣಿ' ಅನ್ನುತ್ತಿದ್ದಳು. ಪಹಣಿ ಎಂಬುದರ ನಮ್ಮ ಕಡೆಯ ಉಚ್ಚಾರ ಅದು. ಮೇಷ್ಟ್ರು ಅದರ ಪೂರ್ಣರೂಪ ಹೇಳಿದ ದಿನ, ಡಿಕ್ಷನರಿಯಲ್ಲಿ ಒಂದೊಂದೇ ಪದದ ಅರ್ಥ ಹುಡುಕಿ ಬರೆದುಕೊಂಡು ಮನೆಗೆ ಓಡಿದೆ. ರೆಕಾರ್ಡ್ ಆಫ್ ರೈಟ್ಸ್, ಟೆನೆನ್ಸಿ ಅಂಡ್ ಕ್ರಾಪ್ಸ್. ರೈಟ್ಸ್ ಅಂದರೆ ಹಕ್ಕು, ಟೆನೆನ್ಸಿ ಅಂದರೆ ಗೇಣಿ, ಕ್ರಾಪ್ಸ್ ಅಂದರೆ ಬೆಳೆ.

ಅಜ್ಜಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿ ಕೈ ನಿಲ್ಲಿಸಿದಳು.

'ಇನ್ನೊಂದ್ ಸಲ ಹೇಳು.'

ಹೇಳಿದೆ. ಹಕ್ಕು, ಗೇಣಿ, ಬೆಳೆ.

'ಗೇಣಿ ಅನ್ನೋದೂ ಅದ್ರಾಗೈತಾ?'

'ಐತೆ ಅಜ್ಜಿ. ನಡೂ ಅಕ್ಷರ.'

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಬೀಜ ತೆಗೆಯುತ್ತಲೇ ಹೇಳತೊಡಗಿದಳು. 'ನಿಮ್ಮಜ್ಜ ಹದಿನೆಂಟ್ ವರ್ಷ ಉತ್ತವ್ರೆ ಆ ಹೊಲವ. ಪಾಣಿಯಾಗೆ ಹನ್ನೆರಡನೇ ಕಾಲಂನಾಗೇ ಇದ್ರು. ಒಂಬತ್ತಕ್ಕೆ ಹೆಸ್ರು ಬರೋ ಹೊತ್ಗೆ ಅವ್ರೇ ಇರ್ಲಿಲ್ಲ.'

ನನಗೆ ಅವತ್ತು ಅರ್ಧ ಮಾತ್ರ ಅರ್ಥವಾಯಿತು. ರೈತರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಭೂಮಿ ಯಾರದೋ ಅವರ ಹೆಸರು ಬರುತ್ತದೆ, ಹನ್ನೆರಡನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು. ಎರಡರ ನಡುವೆ ಇರುವುದು ಎರಡೇ ಕಾಲಂ. ಅಷ್ಟನ್ನು ದಾಟಲು ನಮ್ಮ ಮನೆಯವರಿಗೆ ಒಂದು ಆಯುಷ್ಯ ಸಾಲಲಿಲ್ಲ. ನಾನು ಹುಟ್ಟಿದ 1974ರಲ್ಲೇ, ಮಾರ್ಚ್ 1ರಿಂದ, ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ದೇವರಾಜ ಅರಸು ಆಗ ಮುಖ್ಯಮಂತ್ರಿ. ಗೇಣಿ ಭೂಮಿಗಳೆಲ್ಲ ಸರ್ಕಾರಕ್ಕೆ ಸೇರಿ, ಉಳುವವರು ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿಕೊಂಡರೆ ಭೂ ನ್ಯಾಯಮಂಡಳಿ ವಿಚಾರಣೆ ನಡೆಸಿ ಅಧಿಭೋಗದ ಹಕ್ಕು ಕೊಡುತ್ತಿತ್ತು. ಅಜ್ಜ ಹೆಬ್ಬೆಟ್ಟು ಒತ್ತಿ ಅರ್ಜಿ ಹಾಕಿದರು, 1977ರಲ್ಲಿ ತೀರಿಕೊಂಡರು. ಆರ್ಡರ್ ಬಂದದ್ದು ಎರಡು ವರ್ಷದ ನಂತರ. ಎರಡು ಎಕರೆ ಹತ್ತು ಗುಂಟೆ. ವಿಚಾರಣೆಗೆ ತಾಲ್ಲೂಕು ಕಚೇರಿಗೆ ಅಲೆದವಳು ಅಜ್ಜಿ.

ಆರ್, ಟಿ, ಸಿ. ಗೈಡಿನಲ್ಲಿ ಇಲ್ಲದ ಆ ಮೂರು ಅಕ್ಷರಗಳಲ್ಲಿ ನಮ್ಮ ಮನೆಯ ಕಥೆ ಇತ್ತು, ಅದೂ ಹಿಂದುಮುಂದಾಗಿ. ನಮಗೆ ಬೆಳೆ ಮೊದಲು, ಗೇಣಿ ಆಮೇಲೆ, ಹಕ್ಕು ಕೊನೆಗೆ. ಅಜ್ಜಿ ಆ ಕಾಗದವನ್ನು ಹತ್ತು ವರ್ಷ ಕಾಪಾಡಿದ್ದಳು, ಅದರ ಮೇಲೆ ಏನು ಬರೆದಿದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ಸಂಗತಿ. ಅವತ್ತು ರಾತ್ರಿ ಅವಳು ಮಲಗಿದಲ್ಲಿಂದಲೇ 'ರೈಟ್ಸು, ಟೆನೆನ್ಸಿ, ಕ್ರಾಪ್ಸು' ಎಂದು ಎರಡು ಮೂರು ಸಲ ಹೇಳಿಕೊಂಡದ್ದು ಕೇಳಿಸಿತು.

ಮೇಷ್ಟ್ರ ಉತ್ಸಾಹ ಕನ್ನಡ ಪಂಡಿತರಿಗೂ ತಗುಲಿತು. ಅವರು ಬಂದು, 'ಇಂಗ್ಲಿಷಿನವರದೇ ದೊಡ್ಡದೇನಲ್ಲ, ನಮ್ಮಲ್ಲೂ ಇದೆ' ಎಂದು ಒಂದು ಪೀರಿಯಡ್ ತೆಗೆದುಕೊಂಡರು. ಕುವೆಂಪು, ಪುತಿನ, ಡಿವಿಜಿ, ತರಾಸು, ಅನಕೃ. ಪಾಠದ ಹಿಂದಿನ ಕವಿಪರಿಚಯದಲ್ಲಿ ಓದಿದ ಹೆಸರುಗಳೇ, ಆದರೆ ಅವೂ ಶಾರ್ಟ್ ಫಾರಂ ಎಂದು ನಮಗೆ ಹೊಳೆದಿರಲಿಲ್ಲ. ಕನ್ನಡದಲ್ಲಿ ಬಿಡಿಸಿದರೆ ಬಹಳ ಸಲ ಮೊದಲು ಸಿಗುವುದು ಒಂದು ಊರು. ಕುಪ್ಪಳಿ, ದೇವನಹಳ್ಳಿ, ತಳುಕು, ಅರಕಲಗೂಡು. ತೀನಂಶ್ರೀಯವರ 'ತೀ' ತೀರ್ಥಪುರ, ನಮ್ಮ ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದು ಎಂದು ಪಂಡಿತರು ಹೇಳಿದಾಗ ಆ ಕಡೆಯಿಂದ ಬರುತ್ತಿದ್ದ ಇಬ್ಬರು ಹುಡುಗರು ಎದೆ ಸೆಟೆಸಿ ಕೂತರು. ಕಾಗದದ ತಲೆಯ ಮೇಲೆ ಅಪ್ಪ ಬರೆಯುತ್ತಿದ್ದ ತೀ.ರೂ. ಅಂದರೆ ತೀರ್ಥರೂಪ, ಚಿ. ಅಂದರೆ ಚಿರಂಜೀವಿ, ಕೊನೆಯ ತಾ.ಕ. ಅಂದರೆ ತಾಜಾ ಕಲಂ. ಇಂಗ್ಲಿಷಿನ ಪಿ.ಎಸ್. ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ.

ಇಂಗ್ಲಿಷಿನವೆಲ್ಲ ಇಂಗ್ಲಿಷಿನವೂ ಅಲ್ಲ ಎಂಬುದು ಇನ್ನೊಂದು ಬೆರಗು. ಎ.ಎಂ., ಪಿ.ಎಂ. ಎರಡೂ ಲ್ಯಾಟಿನ್: ಆಂಟೆ ಮೆರಿಡಿಯೆಮ್, ಪೋಸ್ಟ್ ಮೆರಿಡಿಯೆಮ್. ನಡುಹಗಲಿಗೆ ಮುಂಚೆ, ನಡುಹಗಲಿನ ನಂತರ. ನಮ್ಮ ಪೂರ್ವಾಹ್ನ, ಅಪರಾಹ್ನ ಇದ್ದಹಾಗೆ. ಮದುವೆ ಕಾರ್ಡಿನ ಆರ್.ಎಸ್.ವಿ.ಪಿ. ಫ್ರೆಂಚು. ಲ್ಯಾಟಿನ್ ಯಾವ ದೇಶದವರು ಆಡುತ್ತಾರೆ ಎಂದು ಕೇಳಿದೆವು. ಈಗ ಯಾರೂ ಮನೆಯಲ್ಲಿ ಆಡುವುದಿಲ್ಲ, ಸಂಸ್ಕೃತದ ಹಾಗೆ ಅಂದರು ಮೇಷ್ಟ್ರು. ಆ ಲ್ಯಾಟಿನ್ ಮುಂದಿನ ವಾರವೇ ನಮ್ಮ ಮನೆಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಪರೀಕ್ಷೆಗೆ ಆರು ದಿನ ಇರುವಾಗ ಅಜ್ಜಿಗೆ ಹೊಟ್ಟೆನೋವು ಬಂತು. ಎರಡು ದಿನ ಮನೆಮದ್ದು ಮಾಡಿ, ಮೂರನೇ ದಿನ ಅಪ್ಪ ತಿಪಟೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದ. ರಾತ್ರಿ ಊಟವಾದ ಮೇಲೆ ಅಜ್ಜಿ ಚೀಟಿಯನ್ನು ನನ್ನ ಕೈಗೆ ಕೊಟ್ಟಳು. 'ಡಾಕ್ಟ್ರು ಏನ್ ಬರ್ದವ್ರೆ ಓದು ಮಗಾ. ಈಗ ನಿಂಗೆ ಎಲ್ಲ ಬತ್ತದಲ್ಲ.'

ಮೂರು ಸಾಲು. ಮಾತ್ರೆಯ ಹೆಸರುಗಳು ಓದಲು ಬರುವಂತಿರಲಿಲ್ಲ. ಮೊದಲ ಸಾಲಿನ ಕೊನೆಗೆ ಬಿ.ಡಿ., ಎರಡನೆಯದಕ್ಕೆ ಟಿ.ಡಿ.ಎಸ್., ಮೂರನೆಯದಕ್ಕೆ ಎಸ್.ಓ.ಎಸ್. ಮೊದಲೆರಡು ಗೊತ್ತಿಲ್ಲ. ಮೂರನೆಯದು ಗೊತ್ತಿತ್ತು. ಗೈಡಿನಲ್ಲಿತ್ತು, ನೂರು ಸಲ ಅಂಗೈ ಸರಿಸಿ ನೋಡಿ ಸರಿ ಎಂದುಕೊಂಡಿದ್ದೆ. ಸೇವ್ ಅವರ್ ಸೋಲ್ಸ್. ಮುಳುಗುವ ಹಡಗಿನವರು ಕಳಿಸುವ ಸಂದೇಶ, ನಮ್ಮ ಜೀವ ಉಳಿಸಿ.

'ಮಾತ್ರೆ ಹೆಸ್ರು ಅಜ್ಜಿ' ಎಂದು ಚೀಟಿ ಮಡಚಿಟ್ಟೆ.

ಆ ರಾತ್ರಿ ನಾನು ಮಲಗಲಿಲ್ಲ. ಅಜ್ಜಿಯ ಪಕ್ಕದಲ್ಲೇ ನನ್ನ ಚಾಪೆ. ಅವಳ ಉಸಿರು ಒಂದು ಕ್ಷಣ ನಿಂತಂತೆ ಅನ್ನಿಸಿದಾಗೆಲ್ಲ ಎದ್ದು ಕೂತು, ಬೆರಳನ್ನು ಅವಳ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದೆ. ಉಸಿರು ಬೆಚ್ಚಗೆ ತಾಗುತ್ತಿತ್ತು. ಹೊಗೆಸೊಪ್ಪಿನ ವಾಸನೆ. ಅಪ್ಪನನ್ನು ಎಬ್ಬಿಸಿ ಕೇಳೋಣವೆಂದರೆ, ಡಾಕ್ಟರು ಅಪ್ಪನಿಗೂ ಹೇಳದೆ ಬರೆದಿರಬಹುದು, ಗೊತ್ತಾದರೆ ಅಪ್ಪ ತಡೆದುಕೊಳ್ಳುವುದಿಲ್ಲ ಎಂಬ ಭಯ. ಮೊದಲ ಕೋಳಿ ಕೂಗುವವರೆಗೆ ಹಾಗೇ ಕೂತಿದ್ದೆ. ಇಂಗ್ಲಿಷ್ ಬಂದದ್ದಕ್ಕೆ ನಾನು ಮರುಗಿದ್ದು ಅದೊಂದೇ ರಾತ್ರಿ.

ಬೆಳಗ್ಗೆ ಚೀಟಿಯನ್ನು ಪುಸ್ತಕದೊಳಗೆ ಇಟ್ಟುಕೊಂಡು ಹೋಗಿ ಮೇಷ್ಟ್ರ ಕೈಗೆ ಕೊಟ್ಟೆ. ಮಾತು ಬರಲಿಲ್ಲ, ಬೆರಳಿಟ್ಟು ತೋರಿಸಿದೆ. ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು. 'ಡಾಕ್ಟ್ರು ಹಾಗೆಲ್ಲ ಬರೆಯಲ್ಲಮ್ಮ. ಇಲ್ಲಿ ಇದಕ್ಕೆ ಬೇರೆ ಅರ್ಥ ಇರ್ಬೇಕು, ನಂಗೂ ಗೊತ್ತಿಲ್ಲ. ಬಾ ಕೇಳೋಣ' ಎಂದು ಪ್ರೇಯರ್ ಮುಗಿದ ಕೂಡಲೇ ಶಾಲೆಯ ಹಿಂದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಡೆಸಿಕೊಂಡು ಹೋದರು. ಕಾಂಪೌಂಡರ್ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. 'ಬಿ.ಡಿ. ಅಂದ್ರೆ ಎರಡು ಹೊತ್ತು. ಟಿ.ಡಿ.ಎಸ್. ಮೂರು ಹೊತ್ತು. ಎಸ್.ಓ.ಎಸ್. ಅಂದ್ರೆ ನೋವಿದ್ರೆ ಮಾತ್ರ ತಗೊಳ್ಳೋದು, ಇಲ್ದಿದ್ರೆ ಬೇಡ. ಅಷ್ಟೇ ಕಣಮ್ಮ.'

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆ. ಮೇಷ್ಟ್ರು ಸುಮ್ಮನೆ ಪಕ್ಕದಲ್ಲಿ ನಿಂತಿದ್ದರು.

ಅವು ಲ್ಯಾಟಿನ್ ಎಂದು ತಿಳಿದದ್ದು ಆಮೇಲೆ. ಬಿಸ್ ಇನ್ ಡೀ, ದಿನಕ್ಕೆರಡು ಬಾರಿ. ಟೆರ್ ಡೀ ಸುಮೆಂಡಮ್, ದಿನಕ್ಕೆ ಮೂರು ಬಾರಿ ತೆಗೆದುಕೊಳ್ಳತಕ್ಕದ್ದು. ಸಿ ಓಪುಸ್ ಸಿಟ್, ಅಗತ್ಯವಿದ್ದರೆ. ಗೈಡಿನ ಉತ್ತರವೂ ಸರಿಯಲ್ಲವೆಂದು ಇನ್ನೂ ಎಷ್ಟೋ ವರ್ಷ ಕಳೆದ ಮೇಲೆ ಓದಿದೆ. ಹಡಗಿನ ಎಸ್‌ಓಎಸ್ ಯಾವ ಪದಗಳ ಸಂಕ್ಷೇಪವೂ ಅಲ್ಲವಂತೆ. ಮೋರ್ಸ್ ಸಂಕೇತದಲ್ಲಿ ಮೂರು ಚುಕ್ಕಿ, ಮೂರು ಗೆರೆ, ಮೂರು ಚುಕ್ಕಿ. ಗದ್ದಲದಲ್ಲೂ ತಪ್ಪದೆ ಗುರುತು ಸಿಗುತ್ತದೆ ಎಂಬ ಕಾರಣಕ್ಕೆ ಅದು ನೆಲೆಯಾಯಿತು. 1906ರಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದನ್ನು ಒಪ್ಪಿಕೊಂಡರು. ಜೀವ ಉಳಿಸಿ ಎಂಬ ಅರ್ಥವನ್ನು ಜನ ಆಮೇಲೆ ಜೋಡಿಸಿದರು.

ಮರುದಿನ ಮೇಷ್ಟ್ರು ಕ್ಲಾಸಿನಲ್ಲಿ ಇದನ್ನು ಹೇಳಿದರು, ನನ್ನ ಹೆಸರು ಹೇಳದೆ. ಔಷಧಿ ಚೀಟಿಯ ಮೂರೂ ಶಾರ್ಟ್ ಫಾರಂಗಳನ್ನು ಬೋರ್ಡಿನ ಮೇಲೆ ಬರೆದು, ಎಲ್ಲರ ಲಾಂಗ್ ಬುಕ್ಕಿಗೂ ಇಳಿಸಿದರು. 'ಇದು ಪರೀಕ್ಷೆಗೆ ಬರಲ್ಲ. ಆದ್ರೂ ಬರ್ಕೊಳ್ಳಿ' ಅಂದರು.

ಪರೀಕ್ಷೆ ಬಂತು, ಮುಗಿಯಿತು. ಹೇಳಿದಂತೆ ಐದು ಗೈಡಿನವು, ಐದು ಊರಿನವು. ನನಗೆ ಐದಕ್ಕೆ ನಾಲ್ಕೂವರೆ. ಇ.ಜಿ. ಎಂಬುದಕ್ಕೆ ಎಕ್ಸಾಂಪಲ್ ಗಿವನ್ ಎಂದು ಬರೆದಿದ್ದೆ, ಅದು ಎಕ್ಸೆಂಪ್ಲಿ ಗ್ರಾಷಿಯಾ. ಇನ್ನೊಂದು ವರ್ಷಕ್ಕೆ ಮೇಷ್ಟ್ರಿಗೆ ವರ್ಗವಾಯಿತು. ಅಜ್ಜಿ ಮತ್ತೆ ಒಂಬತ್ತು ವರ್ಷ ಬದುಕಿದ್ದಳು.

ಅಜ್ಜಿ ತೀರಿಕೊಂಡ 1998ರಲ್ಲೇ ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಅವತ್ತಿನಿಂದ ಇವತ್ತಿನವರೆಗೆ ಕೌಂಟರಿನ ಈ ಕಡೆ ಕೂತು ನೋಡುತ್ತಿದ್ದೇನೆ, ಶಾರ್ಟ್ ಫಾರಂಗಳು ಬೆಳೆಯುತ್ತಲೇ ಇವೆ. ಕೆಸಿಸಿ, ಎನ್‌ಇಎಫ್‌ಟಿ, ಐಎಫ್‌ಎಸ್‌ಸಿ, ಕೆವೈಸಿ, ಇಸಿ, ಓಟಿಎಸ್. ಅಜ್ಜಿಯ ಚೀಟಿಯ ಮೇಲೆ ಮೂರು ಹೊತ್ತು ಎಂದಿದ್ದ ಟಿಡಿಎಸ್ ಇಲ್ಲಿ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ. ಸಾಲಕ್ಕೆ ಬರುವ ರೈತರು ಎಫ್‌ಐಡಿ ನಂಬರ್ ತರಬೇಕು. ಅದು ಫ್ರೂಟ್ಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ರೈತನಿಗೆ ಸಿಗುವ ಗುರುತು. ಫ್ರೂಟ್ಸ್ ಕೂಡ ಶಾರ್ಟ್ ಫಾರಮ್ಮೇ, ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಗ್ರಾಹಕರಲ್ಲಿ ಮುಕ್ಕಾಲು ಪಾಲು ಜನ ಈ ಅಕ್ಷರಗಳನ್ನು ಮದ್ದಿನ ಹಾಗೆ ನುಂಗುತ್ತಾರೆ. ಕೇಳಿದರೆ ಎಲ್ಲಿ ಬೈಯುತ್ತಾರೋ ಎಂಬ ಅಂಜಿಕೆ.

ಗೃಹಲಕ್ಷ್ಮಿ ಹಣ ಶುರುವಾದ 2023ರ ಕೊನೆಯಲ್ಲಿ ಒಬ್ಬ ಹೆಂಗಸು ಬಂದಳು. ಅರವತ್ತರ ಆಸುಪಾಸು, ಸೆರಗಿನ ತುದಿಯಲ್ಲಿ ಪಾಸ್‌ಬುಕ್ ಸುತ್ತಿ ಹಿಡಿದಿದ್ದಳು. ಅಕ್ಕಪಕ್ಕದವರಿಗೆಲ್ಲ ತಿಂಗಳಿಗೆ ಎರಡು ಸಾವಿರ ಬರುತ್ತಿದೆ, ಇವಳಿಗೆ ಬಂದಿಲ್ಲ. ಎಲ್ಲೋ ವಿಚಾರಿಸಿದ್ದಳು. 'ಎನ್‌ಪಿಸಿಐ ಆಗಿಲ್ವಂತೆ ಕಣಮ್ಮ. ಮಾಡಿಸ್ಕೊಂಡ್ ಬಾ ಅಂದ್ರು. ಅದೇನು, ಎಲ್ ಮಾಡುಸ್ತಾರೆ, ಎಷ್ಟಾಗ್ತದೆ ದುಡ್ಡು?' ಮೂರು ಕಡೆ ಅಲೆದು ಬಂದಿದ್ದಳು. ಎಲ್ಲರೂ ಅವಳಿಗೆ ಅದೇ ನಾಲ್ಕು ಅಕ್ಷರ ಹೇಳಿ ಮುಂದಕ್ಕೆ ಕಳಿಸಿದ್ದರು, ಅವಳು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಳು, ಮರೆತುಹೋಗಬಾರದೆಂದು.

ಸಾಲಿನಲ್ಲಿ ಹಿಂದೆ ಏಳೆಂಟು ಜನರಿದ್ದರು. ಆದರೂ ಅವಳನ್ನು ಕೂರಿಸಿ ಹೇಳಿದೆ. 'ಎನ್‌ಪಿಸಿಐ ಅಂದ್ರೆ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ. ಬ್ಯಾಂಕಿಂದ ಬ್ಯಾಂಕಿಗೆ ದುಡ್ಡು ಹೋಗೋ ದಾರಿ ನೋಡ್ಕೊಳ್ಳೋರು ಅವ್ರು. ನಿಮ್ಮ ಆಧಾರ್ ನಂಬರಿಗೆ ಯಾವ ಬ್ಯಾಂಕು ಅಂತ ಅವ್ರ ಹತ್ರ ಒಂದು ಪಟ್ಟಿ ಇರ್ತದೆ. ಅದ್ರಾಗೆ ನಿಮ್ಮ ಹೆಸ್ರಿನ ಮುಂದೆ ನಮ್ಮ ಬ್ಯಾಂಕ್ ಬರೆಸ್ಬೇಕು. ಇಲ್ಲೇ ಆಗ್ತದೆ, ದುಡ್ಡೇನೂ ಕೊಡೋ ಹಂಗಿಲ್ಲ.' ಅವಳು ಸ್ವಲ್ಪ ಯೋಚಿಸಿದಳು. 'ಪಾಣಿಯಾಗೆ ಹೆಸ್ರು ಸೇರ್ಸ್ದಂಗಾ?' ಅಂದಳು.

ಹೌದು, ಹಾಗೇ ಅಂದೆ. ಫಾರಂ ತುಂಬಿಸಿ ಹೆಬ್ಬೆಟ್ಟು ಹಾಕಿಸಿಕೊಂಡೆ. ಆ ವಾರವೇ ಒಂದು ರಟ್ಟಿನ ಮೇಲೆ ಕೌಂಟರಿನ ಶಾರ್ಟ್ ಫಾರಂಗಳನ್ನೆಲ್ಲ ಎಡಕ್ಕೆ, ಅವುಗಳ ಅರ್ಥವನ್ನು ಕನ್ನಡದಲ್ಲಿ ಬಲಕ್ಕೆ ಸ್ಕೆಚ್ ಪೆನ್ನಿನಲ್ಲಿ ಬರೆದು ನೇತುಹಾಕಿದೆ. ಹೊಸದು ಬಂದಾಗ ಸೇರಿಸುತ್ತೇನೆ. ನನಗೂ ಗೊತ್ತಿಲ್ಲದ್ದಿದ್ದರೆ ಚೌಕ ಹಾಕಿ ಬಿಟ್ಟಿರುತ್ತೇನೆ, ತಿಳಿದ ದಿನ ತುಂಬಿಸುತ್ತೇನೆ.

ಶಾರ್ಟ್ ಫಾರಂ ಪ್ರಶ್ನೆಯನ್ನು ಬರೀ ಬಾಯಿಪಾಠವೆಂದು ಹಳಿಯುವವರನ್ನು ಕೇಳಿದ್ದೇನೆ. ಗೈಡಿನ ಪಟ್ಟಿಯನ್ನಷ್ಟೇ ಉರು ಹೊಡೆಸುವುದಾದರೆ ಅವರ ಮಾತು ನಿಜ. ಆದರೆ ನಮ್ಮ ಪಾಠಪುಸ್ತಕದ ಇಂಗ್ಲಿಷಿನಲ್ಲಿ ನಮ್ಮೂರ ಕಂಬದ ಮೇಲೆ, ಬಸ್ಸಿನ ಮೇಲೆ, ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿದ್ದು ಅದೊಂದೇ ಪಾಠ. ಇಂಗ್ಲಿಷ್ ಮೇಷ್ಟ್ರುಗಳನ್ನು ನಾನು ಕೇಳಿಕೊಳ್ಳುವುದು ಇಷ್ಟು: ಐದು ಅಂಕವನ್ನು ಹಾಗೇ ಇಡಿ, ಪಟ್ಟಿಯನ್ನು ಮಕ್ಕಳ ಮನೆಯಿಂದ ತರಿಸಿ. ಮನೆಯಲ್ಲಿ ಹೈಸ್ಕೂಲು ಓದುವ ಮಗುವಿದ್ದರೆ ಔಷಧಿ ಚೀಟಿ, ಪಾಸ್‌ಬುಕ್ಕು, ಪಹಣಿ ಅದರ ಕೈಗೆ ಕೊಟ್ಟು, ದೊಡ್ಡವರ ಪಕ್ಕದಲ್ಲಿ ಕೂರಿಸಿ ಓದಿಸಿ. ಕರೆಂಟ್ ಬಿಲ್ಲಿನಿಂದ ಶುರು ಮಾಡಬಹುದು. ಆರ್.ಆರ್. ನಂಬರ್ ಅದರಲ್ಲಿ ಈಗಲೂ ಇದೆ.